ಜೇಬಕ್ಕನ ಕೋಟು

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗ ರಿಪೇರಿಯವನ ಪಕ್ಕ, ಜೇಬಕ್ಕನ ಹೊಲಿಗೆ ಅಂಗಡಿ ಇದೆ. ಶಾಲೆಯ ಸಮವಸ್ತ್ರ, ಹರಿದ ಪ್ಯಾಂಟು, ಹಲ್ಲು ಬಿಟ್ಟ ಜಿಪ್ಪು, ಎಲ್ಲವೂ ಅಲ್ಲಿಗೆ ಬರುತ್ತವೆ. ಆದರೆ ಫೋಟೋಗ್ರಾಫರುಗಳು ಬೇರೆ ಊರುಗಳಿಂದ ಆ ಓಣಿಯನ್ನು ಹುಡುಕಿಕೊಂಡು ಬರುವುದು ಕೋಟು ಹೊಲಿಸಲು. ವಿಮಾನದಲ್ಲಿ ಜೊತೆಗೆ ಒಯ್ಯುವ ಚೀಲ ಏಳು ಕೆಜಿ ದಾಟಬಾರದು. ಮೈಮೇಲಿನ ಬಟ್ಟೆಯನ್ನು ಮಾತ್ರ ಯಾರೂ ತೂಗುವುದಿಲ್ಲ. ಗುಟ್ಟು ಇಷ್ಟೇ. ಚೀಲದಲ್ಲಿ ಹಿಡಿಸದ ಲೆನ್ಸು, ಬ್ಯಾಟರಿ, ಚಾರ್ಜರುಗಳೆಲ್ಲ ಆ ಕೋಟಿನ ಜೇಬುಗಳಲ್ಲಿ ಕೂರುತ್ತವೆ.

ಈಗ ಆಕೆ ಹೊಲಿಯುವ ಜೇಬುಗಳೆಲ್ಲ ಸೊಳ್ಳೆ ಪರದೆಯಂಥ ಬಲೆ ಬಟ್ಟೆಯವು. ಹೊಲಿದು ಮುಗಿದ ಮೇಲೆ ಕೋಟನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಾಳೆ. ಒಳಗಿರುವುದು ಎದುರು ನಿಂತವರಿಗೆ ಕಾಣದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಾಳೆ.

"ಅಂದ ಕೆಟ್ಟಿತಲ್ಲ ಜೇಬಕ್ಕಾ, ಮೀನಿನ ಬಲೆ ಥರ ಇದೆ" ಎಂದು ಗಿರಾಕಿ ಗೊಣಗಿದರೆ, "ಅಂದ ಬೇಕಾದ್ರೆ ಮುಂದಿನ ಬೀದಿಗೆ ಹೋಗಪ್ಪ. ಇಲ್ಲಿ ವಿಮಾನ ಹತ್ತೋರಿಗೆ ಮಾತ್ರ" ಎನ್ನುತ್ತಾಳೆ.

ಮೊದಲ ಕೋಟುಗಳು ಹೀಗಿರಲಿಲ್ಲ.

ಜೇಬಕ್ಕನ ತಂದೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಮೂಟೆಯ ಬಾಯಿ ಹೊಲಿಯುವುದರಿಂದಲೇ ಆಕೆಯ ಸೂಜಿ ವಿದ್ಯೆ ಶುರುವಾದದ್ದು. ತಮ್ಮನನ್ನು ಓದಿಸಿದ್ದೂ ಅದೇ ಸೂಜಿ. ತಮ್ಮ ನಾಟಕಗಳ ಫೋಟೋ ತೆಗೆಯುವವನಾದ. ರಂಗದ ಮಬ್ಬು ಬೆಳಕಿಗೆ ದಪ್ಪ ಗಾಜಿನ, ಭಾರದ ಲೆನ್ಸುಗಳೇ ಬೇಕು. ಒಮ್ಮೆ ದೂರದ ಊರಿನ ಒಂದು ನಾಟಕ ತಂಡ ಅವನನ್ನು ಕರೆಸಿತು. ಚೀಲ ಭಾರವಾಯಿತೆಂದು ವಿಮಾನದವರು ಅದನ್ನು ಕೆಳಗಿನ ಸಾಮಾನಿಗೆ ಹಾಕಿಸಿದರು. ಇಳಿದು ನೋಡಿದರೆ ಲೆನ್ಸಿನ ಕುತ್ತಿಗೆ ಮುರಿದಿತ್ತು. ಆ ನಾಟಕದ ಫೋಟೋಗಳಲ್ಲಿ ನಟರೆಲ್ಲ ಹೊಗೆಯಲ್ಲಿ ನಿಂತವರಂತೆ ಮಸುಕಾಗಿ ಬಂದರು. ಆಮೇಲೆ ಹೊರಗಿನಿಂದ ಅವನಿಗೆ ಕರೆಯೇ ಬರಲಿಲ್ಲ.

ಎರಡು ವರ್ಷ ಕಳೆದ ಮೇಲೆ ಅದೇ ತಂಡದ ನಿರ್ದೇಶಕರು ಫೋನು ಮಾಡಿದರು. ತಂಡದವರೆಲ್ಲ ಅಮ್ಮ ಎಂದು ಕರೆಯುವ ಹಿರಿಯ ನಟಿ ಕೊನೆಯ ಬಾರಿಗೆ ರಂಗಕ್ಕೆ ಬರುವವರಿದ್ದರು. ಒಂದೇ ಪ್ರದರ್ಶನ, ಒಂದೇ ಸಂಜೆ.

"ನಿನ್ನ ಕಣ್ಣು ಚೆನ್ನಾಗಿದೆ ಅಂತ ಅಮ್ಮನೇ ಹೇಳಿದ್ರು, ಅದಕ್ಕೆ ಕರೀತಿದೀನಿ. ಈ ಸಲಾನೂ ಲೆನ್ಸು ಮುರೀತು ಅಂತ ಬಂದು ನಿಂತ್ರೆ, ನನ್ನ ಎದುರಿಗೆ ಬರಬೇಡ."

ತಮ್ಮ ಫೋನಿಟ್ಟು ಅಕ್ಕನ ಮುಂದೆ ಕುಳಿತ. ಲೆನ್ಸು ಮುರಿದ ಮೇಲೆ ಅಕ್ಕ ಹೊಲಿದಿಟ್ಟ ಒಂದು ಕೋಟು ಆಗಲೇ ಸಿದ್ಧವಿತ್ತು. ಸಾಮಾನು ಅದಕ್ಕೂ ಮಿಕ್ಕಿತ್ತು.

"ಇನ್ನೊಂದು ಕೋಟು ಹೊಲೀಲಾ?"

"ಹೊಲಿ. ಆದ್ರೆ ಅದನ್ನ ಹಾಕ್ಕೊಳ್ಳೋಕೆ ಇನ್ನೊಂದು ಮೈ ಬೇಕಲ್ಲ ಅಕ್ಕಾ. ಇಬ್ಬರಿಗೆ ಟಿಕೆಟ್ ಕೊಡ್ತಾರಂತೆ."

ಹೀಗೆ ಜೇಬಕ್ಕ ಮೊದಲ ಬಾರಿಗೆ ವಿಮಾನ ಹತ್ತಲು ಹೊರಟಳು.

ಹಿಂದಿನ ಸಂಜೆ ಕೋಟು ತೊಟ್ಟು ಬಗ್ಗಿ ನೋಡಿದಾಗ ಒಂದು ಬ್ಯಾಟರಿ ಜಾರಿ ನೆಲಕ್ಕೆ ಬಿತ್ತು. ಜೇಬಿಗೆ ಗುಂಡಿ ಹಾಕಿದರೆ ಉಬ್ಬುತ್ತದೆ. ಆಕೆ ಪ್ರತಿ ಬ್ಯಾಟರಿಯನ್ನೂ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಒಳಪದರದ ಜೇಬುಗಳಲ್ಲಿ ಸಾಲಾಗಿ ಇಟ್ಟು, ಒಂದು ಕಂಕುಳಿನಿಂದ ಬೆನ್ನು ಬಳಸಿ ಇನ್ನೊಂದು ಕಂಕುಳಿನವರೆಗೆ ಒಂದೇ ದಾರದಲ್ಲಿ ಬಾಯಿ ಹೊಲಿದಳು. ಗೋಣಿಚೀಲದ ಹೊಲಿಗೆ ಅದು. ಮುಗಿಸಿದ ತುದಿಯನ್ನು ಹಿಡಿದೆಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಶುರು ಮಾಡಿದ ತುದಿಯನ್ನು ಎಳೆದರೆ ಇನ್ನಷ್ಟು ಬಿಗಿಯುತ್ತದೆ. ಚಾರ್ಜರಿನ ವೈರು ಹೊರಗುಳಿದದ್ದು ಆಮೇಲೆ ಕಂಡಿತು. ಬಿಚ್ಚಿ, ವೈರನ್ನು ಅಂಚಿನುದ್ದಕ್ಕೂ ಹಾಯಿಸಿ, ಮತ್ತೆ ಹೊಲಿದಳು.

ವಿಮಾನ ನಿಲ್ದಾಣದಲ್ಲಿ ಚೀಲ ತೂಗಿದರು. ಏಳಕ್ಕೆ ಕೂದಲೆಳೆಯಷ್ಟು ಕಡಿಮೆ. ತಮ್ಮ ಅಕ್ಕನತ್ತ ನೋಡಿ ಕಣ್ಣು ಮಿಟುಕಿಸಿದ. ತಪಾಸಣೆಯ ಜಾಗದಲ್ಲಿ ಅವನೇ ಮೊದಲು ಕೋಟು ತೆಗೆದು ಟ್ರೇಗೆ ಹಾಕಿದ. ಅವನ ಜೇಬುಗಳ ಬಾಯಿ ತೆರೆದೇ ಇತ್ತು. ಲೆನ್ಸು ತೆಗೆಸಿ ನೋಡಿ ಬಿಟ್ಟರು. ಜೇಬಕ್ಕನ ಕೋಟು ಯಂತ್ರದೊಳಗೆ ಹೋಯಿತು. ಬೆಲ್ಟು ನಿಂತಿತು. ಹಿಂದಕ್ಕೆ ಹೋಯಿತು. ಮತ್ತೆ ಮುಂದೆ ಬಂದು ನಿಂತಿತು.

ಪರದೆಯ ಮುಂದಿದ್ದವನು ಎದ್ದು ನಿಂತ. ಅವನ ಪಕ್ಕದ ಕಾವಲುಗಾರ್ತಿ ಪರದೆ ನೋಡಿದವಳೇ ಕೇಳಿದಳು, "ಈ ಕೋಟು ಯಾರದು?"

"ನಂದೇ ಮೇಡಂ" ಎಂದಳು ಜೇಬಕ್ಕ. ಎಲ್ಲರೂ ಕೋಟನ್ನು ನೋಡುತ್ತಿದ್ದರಿಂದ ಸ್ವಲ್ಪ ಹೆಮ್ಮೆಯಿಂದಲೇ ಸೇರಿಸಿದಳು, "ನಾನೇ ಹೊಲಿದಿದ್ದು."

ಕಾವಲುಗಾರ್ತಿಯ ಮುಖ ಬಿಗಿಯಿತು. "ಎರಡು ಹೆಜ್ಜೆ ಹಿಂದೆ ಹೋಗಿ. ಕೈ ಕೆಳಗಿರಲಿ."

ಪರದೆ ಓರೆಯಾಗಿ ಜೇಬಕ್ಕನಿಗೂ ಕಂಡಿತು. ಕೋಟಿನ ಆಕಾರ ಮಂಜಿನಂತೆ ಕರಗಿತ್ತು. ಉಳಿದದ್ದು ಎದೆಯ ಸುತ್ತ ಸಾಲಾಗಿ ಕಟ್ಟಿದಂಥ ಬ್ಯಾಟರಿಗಳು, ಅವುಗಳ ಕೆಳಗೆ ಸುತ್ತುವರಿದ ಒಂದು ವೈರು. ತನ್ನ ಕೈಕೆಲಸ ಹೀಗೆ ಕಾಣುತ್ತದೆಂದು ಆಕೆಗೆ ಕನಸಿನಲ್ಲೂ ಹೊಳೆದಿರಲಿಲ್ಲ.

"ಬ್ಯಾಟರಿ ಯಾಕೆ ಒಳಗೆ ಹೊಲಿದಿದ್ದೀರಿ?"

"ಬೀಳಬಾರದು ಅಂತ..."

ಹಿಂದಿನ ಸಾಲು ನಿಂತುಹೋಯಿತು. "ಇವರಿಗೆ ಮೂರು ಜನ್ಮಕ್ಕಾಗೋಷ್ಟು ಜೇಬು ಬೇಕಿತ್ತಾ?" ಎಂದು ಯಾರೋ ಕುಟುಕಿದರು. ಯಾರೂ ನಗಲಿಲ್ಲ. ಹಿರಿಯ ಅಧಿಕಾರಿ ಬಂದು ಕೋಟನ್ನು ಮೇಜಿನ ಮೇಲೆ ಹರಡಿಸಿ, ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಬ್ಲೇಡು ತಗೊಂಡು ಬಾ. ಕುಯ್ದು ನೋಡೋಣ."

"ಬ್ಲೇಡು ಬೇಡ ಸಾರ್!" ಆಚೆ ಬದಿಯಿಂದ ತಮ್ಮ ಕೂಗಿದ. "ಬ್ಯಾಟರಿಗೆ ತಾಗಿದ್ರೆ ಬೆಂಕಿ ಹತ್ಕೊಳ್ಳತ್ತೆ!"

ಬೆಂಕಿ ಎಂಬ ಮಾತು ಕಿವಿಗೆ ಬಿದ್ದದ್ದೇ ಎಲ್ಲಿಂದಲೋ ಇನ್ನಿಬ್ಬರು ಕಾವಲುಗಾರರು ಬಂದು ಅವನ ಎರಡೂ ಪಕ್ಕ ನಿಂತರು.

"ಬಾಯಿ ಮುಚ್ಕೊಳ್ಳೋ ತಮ್ಮಾ" ಎಂದಳು ಜೇಬಕ್ಕ. ಅಧಿಕಾರಿಯತ್ತ ತಿರುಗಿದಳು. "ಸಾರ್, ಅದು ಗೋಣಿಚೀಲದ ಹೊಲಿಗೆ. ಒಂದು ತುದಿ ಎಳೆದ್ರೆ ಸಾಕು, ಬಿಚ್ಕೊಳ್ಳತ್ತೆ. ನಾನೇ ಎಳೀತೀನಿ."

"ನೀವು ಮುಟ್ಟೋ ಹಾಗಿಲ್ಲ. ಯಾವ ತುದಿ, ಹೇಳಿ."

"ಬಲಗಡೆ ಕಂಕುಳಿನ ಹತ್ರ."

ಕಾವಲುಗಾರ್ತಿ ದಾರ ಹುಡುಕಿ ಎಳೆದಳು. ಹೊಲಿಗೆ ಕುಗ್ಗಿ ಬಿಗಿಯಿತು. ಇನ್ನೊಮ್ಮೆ ಎಳೆದಳು. ಗಂಟಾಯಿತು. ಅಧಿಕಾರಿ ಜೇಬಕ್ಕನನ್ನು ದಿಟ್ಟಿಸಿದರು. ಸುಳ್ಳು ಹಿಡಿದವರ ನೋಟ ಅದು.

ಅವರ ವಿಮಾನಕ್ಕೆ ಹತ್ತಬೇಕೆಂಬ ಕರೆ ಧ್ವನಿವರ್ಧಕದಲ್ಲಿ ಕೇಳಿಸಿತು. ಮುಂದಿನ ವಿಮಾನ ನಾಳೆ. ನಾಳೆಗೆ ರಂಗ ಖಾಲಿ.

ಎಡಗಡೆ ಎಂದು ಹೇಳಿಬಿಡಬಹುದಿತ್ತು. ಆದರೆ ಮುಗಿಸಿದ ತುದಿಯನ್ನೂ ಸಿಕ್ಕಿಸಿದಲ್ಲಿಂದ ಎಬ್ಬಿಸದೆ ಎಳೆದರೆ ಬಿಗಿಯುತ್ತದೆ; ಎಳೆದದ್ದು ಯಾವ ತುದಿಯೋ. ಹೊಲಿದದ್ದು ಎರಡು ಸಲ. ಮೊದಲ ಸಲ ಯಾವ ಕಡೆಯಿಂದ, ಎರಡನೇ ಸಲ ಯಾವ ಕಡೆಯಿಂದ? ಈಗ ಕೋಟು ಮಗುಚಿಕೊಂಡು ಬಿದ್ದಿದೆ. ಯಾವುದು ಎಡ, ಯಾವುದು ಬಲ? ಇನ್ನೊಂದು ತುದಿಯೂ ಗಂಟಾದರೆ ಬ್ಲೇಡೇ ಗತಿ. ತಲೆ ಎಷ್ಟು ಕೆದಕಿದರೂ ಏನೂ ಸಿಗಲಿಲ್ಲ.

"ಮೇಡಂ, ಕೈ ಎತ್ತಲಾ? ಇಲ್ಲೇ ನಿಂತ್ಕೊಂಡೇ. ತಲೆಗೆ ಮರೆತುಹೋಗಿದೆ, ಕೈಗೆ ನೆನಪಿರತ್ತೆ."

ಕಾವಲುಗಾರ್ತಿ ಅಧಿಕಾರಿಯ ಮುಖ ನೋಡಿದಳು. ಅವರು ತಲೆಯಾಡಿಸಿದರು.

ಜೇಬಕ್ಕ ಕಣ್ಣು ಮುಚ್ಚಿದಳು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಂತೆಯೇ ಇಲ್ಲದ ಕೋಟನ್ನು ಎದುರಿಗೆ ಹರಡಿ, ಇಲ್ಲದ ಸೂಜಿಯನ್ನು ಹಿಡಿದು ಗಾಳಿಯಲ್ಲಿ ಹೊಲಿಯತೊಡಗಿದಳು. ಚುಚ್ಚಿ, ಕುಣಿಕೆ ಬಿಟ್ಟು, ಎಳೆದು. ಮತ್ತೆ ಚುಚ್ಚಿ, ಕುಣಿಕೆ ಬಿಟ್ಟು, ಎಳೆದು. ಒಂದು ಮಗು ಕಿಸಕ್ಕೆಂದಿತು. ಅದರ ತಾಯಿ ಸುಮ್ಮನಾಗಿಸಿದಳು. ಬೆನ್ನು ದಾಟಿತು, ಪಕ್ಕೆ ದಾಟಿತು. ಕೊನೆಗೆ ಕೈ ಬಾಯಿಯ ಹತ್ತಿರ ಹೋಯಿತು. ದಾರ ಕಚ್ಚಿ ತುಂಡರಿಸಲು ತಲೆ ಎಡಕ್ಕೆ ಬಾಗಿತು.

"ಕಾಲರ್ ನನ್ನ ಕಡೆಗಿತ್ತು" ಎಂದಳು, ಕಣ್ಣು ತೆರೆಯದೆ. "ಕಾಲರ್ ನಿಮ್ಮ ಕಡೆಗೆ ತಿರುಗಿಸಿ ಮೇಡಂ. ಈಗ ನಿಮ್ಮ ಎಡಗೈ ಕಡೆ. ತುದಿಯನ್ನ ಹೊಲಿಗೆಯ ಕೆಳಗೆ ಸಿಕ್ಕಿಸಿದೀನಿ."

ಕಾವಲುಗಾರ್ತಿ ಉಗುರಿನಿಂದ ದಾರ ಎಬ್ಬಿಸಿ ಮೆಲ್ಲನೆ ಎಳೆದಳು.

ಸರ್ರೆಂದಿತು. ಬೆನ್ನು ದಾಟಿ ಬಿಚ್ಚಿತು, ಗಂಟಿನ ಹತ್ತಿರ ನಿಂತಿತು. ಅಷ್ಟು ಸಾಕಾಗಿತ್ತು. ನೀಲಿ ಬಟ್ಟೆ ಸುತ್ತಿದ ಬ್ಯಾಟರಿಗಳು ಒಂದೊಂದಾಗಿ ಮೇಜಿನ ಮೇಲೆ ಬಂದವು.

ಟ್ರೇಯಲ್ಲಿ ಬಿಡಿಬಿಡಿಯಾಗಿ ಇಟ್ಟು ಮತ್ತೊಮ್ಮೆ ಯಂತ್ರದೊಳಗೆ ಬಿಟ್ಟರು. ಅಧಿಕಾರಿ ಪರದೆ ನೋಡಿ ಉಸಿರು ಬಿಟ್ಟರು. "ಅಲ್ರೀ ತಾಯಿ, ಒಂದು ಪಾರದರ್ಶಕ ಕವರ್‌ನಲ್ಲಿ ಹಾಕಿದ್ರೆ ಮುಗೀತಿತ್ತಲ್ಲ!"

"ದರ್ಜಿ ಅಲ್ವಾ ಸಾರ್. ಏನು ಕಂಡ್ರೂ ಹೊಲಿದುಬಿಡ್ತೀನಿ."

ಕೊನೆಯ ಕರೆ ಬಂತು. "ಓಡು, ಬಾಗಿಲು ಮುಚ್ಚದ ಹಾಗೆ ಹಿಡ್ಕೊ" ಎಂದು ತಮ್ಮನನ್ನು ಅಟ್ಟಿದಳು. ಬಾಯಿ ಬಿಚ್ಚಿದ ಜೇಬುಗಳಲ್ಲಿ ಇನ್ನು ಏನೂ ನಿಲ್ಲುವಂತಿರಲಿಲ್ಲ. ಎಲ್ಲವನ್ನೂ ಕೋಟಿನೊಳಗೆ ಸುರಿದು, ತೋಳುಗಳನ್ನು ಬಿಗಿದು ಗಂಟು ಕಟ್ಟಿ, ತಂದೆ ಮೂಟೆ ಎತ್ತುತ್ತಿದ್ದಂತೆಯೇ ಬೆನ್ನಿಗೇರಿಸಿ ಓಡಿದಳು.

ಬಾಗಿಲಲ್ಲಿ ನಿಂತಿದ್ದ ಹುಡುಗಿ ಕೈ ಅಡ್ಡ ಹಿಡಿದಳು. "ಇದೇನು ಆಂಟಿ ಮೂಟೆ? ತೂಗಬೇಕು."

"ಮೂಟೆ ಅಲ್ಲಮ್ಮ, ಕೋಟು."

"ಕೋಟಾದ್ರೆ ಹಾಕ್ಕೊಳ್ಳಿ."

ಜೇಬಕ್ಕ ಗಂಟು ಬಿಚ್ಚಿ, ಮೊಣಕಾಲಿನ ಮೇಲೆ ಇಟ್ಟುಕೊಂಡೇ ತೋಳು ತೂರಿಸಿದಳು. ಕೋಟಿನ ಕೆಳಗಂಚನ್ನು ಎರಡೂ ಮುಷ್ಟಿಯಲ್ಲಿ ಮೇಲಕ್ಕೆತ್ತಿ, ಬಿದ್ದ ಹಣ್ಣು ಆಯ್ದು ಮಡಿಲು ತುಂಬಿಕೊಂಡವಳಂತೆ, ಎಲ್ಲವನ್ನೂ ಹೊಟ್ಟೆಗೆ ಅವುಚಿ ನಿಂತಳು. ಹುಡುಗಿ ಅವಳನ್ನು ನೋಡಿದಳು, ಬಾಗಿಲು ಹಿಡಿದು ಏದುಸಿರು ಬಿಡುತ್ತಿದ್ದ ತಮ್ಮನನ್ನು ನೋಡಿದಳು.

"ಹೋಗಿ, ಹೋಗಿ. ಬೀಳಿಸ್ಕೋಬೇಡಿ."

ಇಳಿಯುವವರೆಗೂ ಜೇಬಕ್ಕ ಆ ಮುಷ್ಟಿ ಬಿಚ್ಚಲಿಲ್ಲ. ನೀರು ಕೊಟ್ಟರೂ ಬೇಡವೆಂದಳು.

ಸಂಜೆ ಅವಳು ರಂಗದ ಪಕ್ಕದ ಕತ್ತಲಲ್ಲಿ, ತಮ್ಮನ ಬೆನ್ನ ಹಿಂದೆ, ಅದೇ ಕೋಟು ತೊಟ್ಟು ಕುಳಿತಿದ್ದಳು. ಹಿರಿಯ ನಟಿ ಕೊನೆಯ ಮಾತು ಮುಗಿಸಿ, ದೀಪದತ್ತ ಮುಖ ತಿರುಗಿಸುವ ಹೊತ್ತಿಗೆ ಕ್ಯಾಮೆರಾದ ಬ್ಯಾಟರಿ ಮುಗಿಯಿತು. ತಮ್ಮ ಹಿಂದೆ ತಿರುಗಲಿಲ್ಲ. ಬರಿಗೈಯನ್ನು ಹಿಂದಕ್ಕೆ ಚಾಚಿದ. ಜೇಬಕ್ಕನ ಮುಷ್ಟಿಯಲ್ಲಿ ಬಟ್ಟೆ ಬಿಚ್ಚಿದ ಇನ್ನೊಂದು ಬ್ಯಾಟರಿ ಆಗಲೇ ಇತ್ತು, ಅಂಗೈಯ ಬಿಸಿಗೆ ಬೆಚ್ಚಗಾಗಿ.