ರೀ ಇಲ್ಲದ ಏಳು

ಎಂಬತ್ತರ ದಶಕದಲ್ಲಿ ಒಮ್ಮೆ, ಮೆದುಳಿನ ಸಂಶೋಧನೆ ಮಾಡುವ ಬೆಂಗಳೂರಿನ ಪ್ರಯೋಗಾಲಯದವರು ಯಂತ್ರ ಹೊತ್ತುಕೊಂಡು ಮಿಶ್ರಿಕೋಟಿಯ ನಮ್ಮ ಶಾಲೆಗೆ ಬಂದರು. ಹಿರಿಯರ ನೆನಪಿನ ಶಕ್ತಿ ಪರೀಕ್ಷಿಸುವುದು ಅವರ ಕೆಲಸ. ಹಿರಿಯರನ್ನು ಕರೆತರುವುದು ಮಾಸ್ತರನಾದ ನನ್ನ ಪಾಲು. ನಮ್ಮ ಬಸಪ್ಪ ಕಾಕಾನೂ ಬಂದರು. ಈಚೆಗೆ ಭಜನೆಯಲ್ಲಿ ಸಾಲು ಮರೆಯುತ್ತಿದ್ದ ಅವರಿಗೆ, ಮುಂದೆ ನಿಂತು ಹಾಡುವ ಜಾಗ ಎಲ್ಲಿ ತಪ್ಪುತ್ತದೋ ಎಂಬ ಅಂಜಿಕೆ.

ತಲೆಗೆ ವೈರು ಅಂಟಿಸಿ ಕೂಡಿಸಿದರು. "ನಾನು ಹೇಳಿದ್ದನ್ನು ತಿರುಗಿ ಹೇಳಿ" ಎಂದು ಎಳೆಯ ಡಾಕ್ಟರು ಶುರು ಮಾಡಿದರು.

"ಎಂಟು, ಮೂರು, ಏಳು."

ಕಾಕಾ ಸುಮ್ಮನೆ ನೋಡಿದರು.

"ಒಂಬತ್ತು, ಎರಡು, ಏಳು."

ಮುಖ ಕೆಂಪಾಯಿತು, ಬಾಯಿ ಬಿಡಲಿಲ್ಲ. ಡಾಕ್ಟರು ಕಾಗದದ ಮೇಲೆ ಎರಡನೆಯ ಸೊನ್ನೆ ಸುತ್ತಿದರು. ನಾನು ಕಣ್ಣು ಮುಚ್ಚಿ ಶಿವನಾಮ ಹಿಡಿದೆ.

"ಆರು, ನಾಲ್ಕು, ಏಳು."

ಕಾಕಾ ವೈರಿನ ಸಮೇತ ಎದ್ದೇಬಿಟ್ಟರು. "ತಮ್ಮಾ, ನಿಮ್ಮಜ್ಜನ ವಾರಗಿಯಾಂವ ನಾನು. ಏಳ್ರಿ ಅನ್ನಾಕ ನಾಲಿಗಿ ಸವೀತೈತೇನು?"

"ಕಾಕಾ, ಅದು ಅಂಕಿ ಏಳ್ರಿ!" ಎಂದೆ.

"ನೋಡು, ನಮ್ಮ ಮಾಸ್ತರ ಹೆಂಗ ಅಂದಾ! ನೀ ಎಂಟು ಮೂರು ಆದಮ್ಯಾಲೆ ಒಮ್ಮೆ ಏಳು ಅಂದಿ, ಒಂಬತ್ತು ಎರಡು ಆದಮ್ಯಾಲೆ ಒಮ್ಮೆ ಅಂದಿ, ಆರು ನಾಲ್ಕು ಆದಮ್ಯಾಲೆ ಮತ್ತೊಮ್ಮೆ ಅಂದಿ. ಎಬ್ಬಿಸಾವ ಕುಂದರಿಸಿದ್ದರ ಯಾಕ?"

ಡಾಕ್ಟರು ನಕ್ಕು, ಸೊನ್ನೆಗಳನ್ನು ಹೊಡೆದುಹಾಕಿ, "ನೆನಪು ಗಟ್ಟಿಯಾಗಿದೆ" ಎಂದು ಬರೆದರು. ಕಾಕಾ ಆ ಸೋಮವಾರವೂ ಭಜನೆಯಲ್ಲಿ ಮುಂದೆಯೇ ನಿಂತರು.

ಅವರ ಸಿಟ್ಟು ಇಳಿಸಪ್ಪಾ ಎಂದು ನಾನು ದಿನಾ ಪೂಜೆಯಲ್ಲಿ ಶಿವನನ್ನು ಬೇಡುತ್ತಿದ್ದೆ. ಅವತ್ತಿನಿಂದ ಅದೊಂದು ಬೇಡಿಕೆ ಬಿಟ್ಟೆ. ನೆನಪನ್ನೆಲ್ಲ ಅವನು ಸಿಟ್ಟಿನೊಳಗೇ ಕಟ್ಟಿಟ್ಟಿದ್ದಾನೆಂದು ನನಗೇನು ಗೊತ್ತಿತ್ತು!