ಶಿಕ್ಷೆಯಾಗಿ ಸಿಕ್ಕ ಓಟ

“ನೋಟಬುಕ್ಕಿನ ಹಾಳಿ ಹಂಗ ಖಾಲಿ ಬಿಟ್ಟೀಯಲ್ಲಬೇ! ಹೋಗು, ಮೈದಾನಕ್ಕ ನಾಕ ಸುತ್ತ ಓಡು,” ಎಂದು ಮಾಸ್ತರರು ಗದರಿದರು.

ಹಿಂದಿನ ವರ್ಷ ಏಳನೆಯ ತರಗತಿ ಮುಗಿಸಿದ್ದ ಮಗಳ ಅಂಕಪಟ್ಟಿ ಒಯ್ಯಲು ಮುಧೋಳ ತಾಲ್ಲೂಕಿನ ಆ ಶಾಲೆಗೆ ಹೋಗಿದ್ದ ನಾನು ಕಿಟಕಿಯಿಂದ ಇಣುಕಿದೆ. ವೇಳಾಪಟ್ಟಿಯ ಪ್ರಕಾರ ಅದು ಆಟದ ಅವಧಿ. ಮಕ್ಕಳೆಲ್ಲ ಬೆನ್ನು ಬಾಗಿಸಿ ಕುಳಿತು, ಹಲಗೆಯ ಮೇಲಿದ್ದ ‘ಓಟದಿಂದಾಗುವ ಹತ್ತು ಪ್ರಯೋಜನಗಳು’ ಬರೆದುಕೊಳ್ಳುತ್ತಿದ್ದರು. ಬೈಸಿಕೊಂಡ ಎರಡು ಜಡೆಯ ಹುಡುಗಿ ತಲೆ ತಗ್ಗಿಸಿ ಹೊರಬಂದಳು. ಬಾಗಿಲು ದಾಟಿದ್ದೇ ತಡ, ಚಪ್ಪಲಿ ಕಳಚಿಟ್ಟು ಚಿಗರೆಯಂತೆ ಓಡಿದಳು. ನಾಲ್ಕು ಸುತ್ತು ಮುಗಿದರೂ ನಿಲ್ಲದೆ ಇನ್ನೆರಡು ಹಾಕಿದಳು.

ನೀರು ಕುಡಿಯಲು ಬಂದಾಗ, “ಯಾಕವ್ವಾ, ಬರಿಲಿಲ್ಲ?” ಎಂದು ಕೇಳಿದೆ.

“ಸೋಮವಾರ ತಾಲ್ಲೂಕಾ ಓಟ ಐತ್ರಿ ಕಾಕಾ, ನಾ ಅದರಾಗ ಓಡಾಕಿ ಅದೀನ್ರಿ. ಹತ್ತೂ ಪ್ರಯೋಜನ ಬಾಯಿಪಾಠ ಬರ್ತಾವ್ರಿ. ಆದ್ರ ಬರದು ತೋರಿಸಿದ್ರ ಓಡಾಕ ಬಿಡಂಗಿಲ್ರಿ!” ಎಂದು ಏದುಸಿರಿನಲ್ಲೇ ನಕ್ಕಳು.

ಸ್ವಲ್ಪ ಹೊತ್ತಿನಲ್ಲಿ ಮಗಳ ಅಂಕಪಟ್ಟಿ ಕೈಗೆ ಬಂತು. ದೈಹಿಕ ಶಿಕ್ಷಣದ ಎದುರು ‘ಅತ್ಯುತ್ತಮ’ ಎಂದಿತ್ತು. ನನ್ನ ಮಗಳು ಆ ಮೈದಾನದಲ್ಲಿ ಒಂದು ದಿನವೂ ಓಡಿರಲಿಲ್ಲ ಎಂಬುದು ಆಗ ಖಚಿತವಾಯಿತು.