ಪೂರಾ ಆಟೋಮ್ಯಾಟಿಕ್ ಅಂದಿದ್ದೆ

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ, ಊರು ದಾಟಿದ ಸ್ವಲ್ಪ ದೂರಕ್ಕೆ ಒಂದು ದಾಲ್ ಮಿಲ್ ಇದೆ. ಅದರ ಗೋದಾಮಿನಲ್ಲಿ ಬೆಂಕಿ ಹತ್ತಿದರೆ ತಾನಾಗಿಯೇ ನೀರು ಸುರಿಸುವ ವ್ಯವಸ್ಥೆಯನ್ನು ಕೂರಿಸಿದವನು ನಾನು. ಇಪ್ಪತ್ತು ವರ್ಷದಿಂದ ಮಾಡಿಕೊಂಡು ಬಂದ ಕೆಲಸ ಇದು. ಲಾಡ್ಜು, ಬಟ್ಟೆ ಅಂಗಡಿ, ಹತ್ತಿ ಜಿನ್ನು ಅಂತ ಈ ಊರಿನ ಎಷ್ಟೋ ಚಾವಣಿಗಳ ಕೆಳಗೆ ನನ್ನ ಕೆಂಪು ಪೈಪುಗಳಿವೆ. ಯಾವುದರ ಬಗ್ಗೆಯೂ ನನ್ನನ್ನು ಬೈದವರಿಲ್ಲ. ಈ ಮಿಲ್ಲಿನ ವಿಷಯದಲ್ಲಿಯೂ ಬೈಯಲಿಲ್ಲ.

ವ್ಯವಸ್ಥೆ ಸರಳವಾದದ್ದು. ಪೈಪಿನ ತುಂಬ ಯಾವಾಗಲೂ ಒತ್ತಡದ ನೀರು ಇರುತ್ತದೆ. ಅಷ್ಟಷ್ಟು ದೂರಕ್ಕೆ ಒಂದೊಂದು ನೀರಿನ ಬಾಯಿ, ಆ ಬಾಯಿಗೆ ಅಡ್ಡವಾಗಿ ಒಂದು ಪುಟ್ಟ ಗಾಜಿನ ನಳಿಕೆ. ಕೆಳಗೆ ಬೆಂಕಿ ಹತ್ತಿ ಶಾಖ ಏರಿತೆಂದರೆ ಗಾಜು ಒಡೆದು ನೀರು ಸುರಿಯುತ್ತದೆ, ಒತ್ತಡ ಇಳಿದ ಕೂಡಲೇ ಪಂಪು ತಾನೇ ಶುರುವಾಗುತ್ತದೆ. ಇದನ್ನೆಲ್ಲ ವಿವರಿಸಿದ ದಿನ ಮಿಲ್ಲಿನ ಮಾಲಕರು ಕೇಳಿದರು, "ಅಂದ್ರ ಇದರ ಬಲ್ಲಿ ನಿಂತು ನೋಡ್ಲಾಕ ಮನುಷ್ಯಾರ ಬೇಕಾಗೂದಿಲ್ಲೇನ್ರಿ?"

"ಯಾರೂ ಬೇಕಿಲ್ರಿ. ಪೂರಾ ಆಟೋಮ್ಯಾಟಿಕ್," ಎಂದೆ. ಪಕ್ಕದಲ್ಲಿ ನಿಂತಿದ್ದ ಗೋದಾಮಿನ ಸೂಪರ್‌ವೈಸರ್ ತಲೆಯಾಡಿಸಿದ.

ಮಿಲ್ಲಿನ ಕಸ ಹೊಡೆಯಲು ಕಮಲಾಪುರದಿಂದ ಒಬ್ಬ ಹೆಂಗಸು ದಿನಾ ಬೆಳಿಗ್ಗೆ ಬಸ್ಸಿಗೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಪಂಪಿನ ಕೋಣೆಯನ್ನೂ ಆಕೆಯೇ ಗುಡಿಸುತ್ತಿದ್ದಳು. ಒಂದು ದಿನ ನಾನು ಅಲ್ಲಿ ಕೆಲಸ ಮಾಡುತ್ತಿದ್ದಾಗ ಒತ್ತಡ ತೋರಿಸುವ ಗೇಜಿನ ಮುಂದೆ ನಿಂತು, "ತಮ್ಮಾ, ಇದೇನು ಗಡಿಯಾರೇನು? ಒಂದೇ ಮುಳ್ಳು ಅದ?" ಎಂದಳು.

ನನಗೆ ನಗು ಬಂತು. ಕೈಯಲ್ಲಿ ಬಣ್ಣದ ಡಬ್ಬಿ ಇತ್ತು. ಗೇಜಿನ ಗಾಜಿನ ಮೇಲೆ ಒಂದು ಹಸಿರು ಪಟ್ಟಿ ಎಳೆದು, "ಮುಳ್ಳು ಈ ಹಸಿರಿನೊಳಗ ಇದ್ರ ಪೈಪಿನೊಳಗ ನೀರಿನ ಜೋರ್ ಅದ ಅಂತ ತಿಳ್ಕೋರಿ ಅಕ್ಕಾ. ಕೆಳಗ ಇಳೀತಂದ್ರ ಇಲ್ಲ," ಎಂದೆ. ಮಾತಿಗೆ ಹೇಳಿದ್ದು. ಆಕೆ ಅದನ್ನು ಕೆಲಸವೆಂದು ತೆಗೆದುಕೊಂಡಳು. ನನ್ನ ನಂಬರನ್ನು ಸೂಪರ್‌ವೈಸರನಿಂದ ತನ್ನ ಫೋನಿಗೆ ಹಾಕಿಸಿಕೊಂಡಳು.

"ತಮ್ಮಾ, ಮುಳ್ಳು ಇಳೀಲಾಕತ್ತದ." ಮೊದಲ ಸಲ ಫೋನು ಬಂದಾಗ ಹೋಗಿ ನೋಡಿದರೆ ಇಲಿ ಪಂಪಿನ ವೈರು ಕಡಿದಿತ್ತು. ಇನ್ನೊಂದು ಸಲ ಪೈಪಿನ ಜೋಡಣೆಯೊಂದು ಸೋರುತ್ತಿತ್ತು. ಎರಡೂ ಸಲ ಆಕೆ ಹೇಳದಿದ್ದರೆ ನನಗೆ ತಿಂಗಳುಗಟ್ಟಲೆ ಗೊತ್ತಾಗುತ್ತಿರಲಿಲ್ಲ. ಆದರೆ ಚಳಿಗಾಲದ ಬೆಳಿಗ್ಗೆ ಮುಳ್ಳು ಕೂದಲೆಳೆಯಷ್ಟು ಸರಿದರೂ ಆಕೆ ಫೋನು ಮಾಡುತ್ತಿದ್ದಳು. ಇಷ್ಟಕ್ಕೆ ಏನೂ ಆಗುವುದಿಲ್ಲ ಎಂದು ಕೂತು ತಿಳಿಸಿ ಹೇಳುವಷ್ಟು ತಾಳ್ಮೆ ನನಗಿರಲಿಲ್ಲ.

ಒಂದು ದಿನ ಸ್ಟೇಶನ್ ಬಜಾರಿನ ಲಾಡ್ಜೊಂದರಲ್ಲಿ ಹೊಸ ಕೆಲಸದ ಮಾತು ನಡೆದಿತ್ತು. ಆಕೆಯ ಫೋನು ಮೇಲಿಂದ ಮೇಲೆ ಬಂತು. ಎದುರಿಗೆ ಕೂತವರು, "ಯಾರ್ರಿ ಅದು, ಮನಿಯಾಗ ಏನರೇ ಆಗ್ಯದೇನು?" ಎಂದು ಕೇಳಿದರು. ನನಗೆ ನಾಚಿಕೆಯಾಯಿತು. ಅಲ್ಲಿಂದ ಎದ್ದವನು ನೇರವಾಗಿ ಮಿಲ್ಲಿಗೆ ಹೋಗಿ ಮಾಲಕರ ಮುಂದೆ ನಿಂತೆ.

"ಆಕಿನ್ನ ಪಂಪಿನ ಖೋಲಿಗಿ ಬಿಡಬ್ಯಾಡ್ರಿ. ಸುಮ್ಮಸುಮ್ಮನೆ ಫೋನ್ ಮಾಡ್ತಾಳ. ಅದು ತಾನೇ ನಡೀತದ, ಯಾರೂ ನೋಡೋದು ಬೇಕಿಲ್ಲ."

ಅವರು ಅಂದೇ ಕೋಣೆಗೆ ಬೀಗ ಹಾಕಿಸಿ ಕೀಲಿಯನ್ನು ಸೂಪರ್‌ವೈಸರನ ಕೈಗೆ ಕೊಟ್ಟರು. ಸ್ವಲ್ಪ ದಿನದ ಮೇಲೆ ಕಸ ಹೊಡೆಯಲು ಇದ್ದ ಇಬ್ಬರಲ್ಲಿ ಒಬ್ಬಳೇ ಸಾಕೆಂದು ಈಕೆಯನ್ನು ಬಿಡಿಸಿದರು. ಕೆಲಸದಿಂದ ತೆಗೆಯಿರಿ ಎಂದು ನಾನು ಹೇಳಿರಲಿಲ್ಲ. ತೆಗೆದರೆಂದು ಕೇಳಿದಾಗ ಬೇಡ ಎಂದೂ ಹೇಳಲಿಲ್ಲ. ಫೋನಿನ ಕಾಟ ತಪ್ಪಿತು ಅನ್ನಿಸಿತು, ಅಷ್ಟೇ.

ಬೇಸಿಗೆಯಲ್ಲಿ ಗೋದಾಮಿನೊಳಗೆ ಚೀಲಗಳನ್ನು ಎತ್ತರಕ್ಕೆ ಒಟ್ಟುವಾಗ ಒಂದು ಚೀಲದ ಮೂಲೆ ತಾಗಿ ನೀರಿನ ಬಾಯಿಯೊಂದು ಮುರಿಯಿತು. ಬೇಳೆಯ ಚೀಲಗಳ ಮೇಲೆ ನೀರು ಸುರಿಯತೊಡಗಿತು. ಸೂಪರ್‌ವೈಸರ್ ಗಾಬರಿಯಿಂದ ಫೋನು ಮಾಡಿದ. ಪಂಪಿನ ಕೋಣೆಯ ದೊಡ್ಡ ವಾಲ್ವ್ ಬಂದ್ ಮಾಡಲು ಹೇಳಿದೆ. ಮರುದಿನ ಹೋಗಿ ಹೊಸ ಬಾಯಿ ಕೂರಿಸಿದೆ. ಆಗ ಕರೆಂಟು ಇರಲಿಲ್ಲ. ಪಂಪು ನಡೆಯದೆ ಪೈಪು ತುಂಬುವಂತಿರಲಿಲ್ಲ, ಅದಕ್ಕೆ ವಾಲ್ವ್ ಬಂದ್ ಮಾಡಿದ ಹಾಗೆಯೇ ಬಿಟ್ಟೆ. ಕೋಟೆಯ ಹತ್ತಿರದ ಒಂದು ಅಂಗಡಿಯಲ್ಲಿ ಬೇರೆಯವರು ನನಗಾಗಿ ಕಾಯುತ್ತಿದ್ದರು.

ಸೂಪರ್‌ವೈಸರ್ ಹೊರಗೆ ಲಾರಿಯ ತೂಕ ಮಾಡಿಸುತ್ತಿದ್ದ. ಗಾಡಿ ಶುರು ಮಾಡಿಕೊಂಡೇ ಕೂಗಿ ಹೇಳಿದೆ, "ಕರೆಂಟ್ ಬಂದ ಮ್ಯಾಲ ಚಕ್ರ ಸಾವಕಾಶ ತಿರುವಿ ವಾಲ್ವ್ ಬಿಡ್ರಿ!"

"ಹೂಂನ್ರಿ ಸರ್," ಎಂದ. ಲಾರಿಯ ಸದ್ದಿನಲ್ಲಿ ಅವನಿಗೆ ಎಷ್ಟು ಕೇಳಿಸಿತೋ ಗೊತ್ತಿಲ್ಲ. ಅದಕ್ಕೂ ಮೊದಲೇ ನಾನು ಗೋದಾಮಿನಲ್ಲಿ ಇಟ್ಟಿರುತ್ತಿದ್ದ ರಿಜಿಸ್ಟರಿನಲ್ಲಿ 'ಎಲ್ಲ ಸರಿ ಇದೆ' ಎಂದು ಬರೆದು ಸಹಿ ಮಾಡಿದ್ದೆ. ಸಂಜೆ ಒಂದು ಫೋನು ಮಾಡಿ ಕೇಳಬೇಕಿತ್ತು. ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ.

ಆರನೆಯ ದಿನ ಮಧ್ಯಾಹ್ನ, ಎಲ್ಲರೂ ಬುತ್ತಿ ಬಿಚ್ಚಿಕೊಂಡು ಕೂತಿದ್ದ ಹೊತ್ತಿನಲ್ಲಿ, ಖಾಲಿ ಗೋಣಿಚೀಲಗಳ ಒಟ್ಟಿಲಿಗೆ ಬೆಂಕಿ ಹತ್ತಿತು. ಮೇಲಿನ ವೈರಿನಿಂದ ಕಿಡಿ ಬಿದ್ದಿತ್ತೆಂದು ಆಮೇಲೆ ತಿಳಿಯಿತು. ಗಾಜಿನ ನಳಿಕೆಗಳು ಒಡೆಯಬೇಕಾದಂತೆಯೇ ಒಡೆದವು. ಪೈಪಿನಲ್ಲಿ ಉಳಿದಿದ್ದ ಬೊಗಸೆ ನೀರು ತೊಟ್ಟಿಕ್ಕಿ ನಿಂತುಹೋಯಿತು. ಅಗ್ನಿಶಾಮಕ ದಳದ ಗಾಡಿ ಬರುವಷ್ಟರಲ್ಲಿ ಅರ್ಧ ಗೋದಾಮು ಹೋಗಿತ್ತು. ಯಾರೂ ಸಾಯಲಿಲ್ಲ. ಒಳಗಿನ ಚೀಲಗಳನ್ನು ಎಳೆದು ಹಾಕಲು ಹೋದ ಒಬ್ಬ ಹಮಾಲನ ಎರಡೂ ಅಂಗೈ ಸುಟ್ಟವು. ಗಾಯ ಮಾಗಿದರೂ ಚೀಲ ಎತ್ತುವ ಕೊಕ್ಕೆ ಹಿಡಿಯಲು ಅವನಿಗೆ ಇಂದಿಗೂ ಆಗುವುದಿಲ್ಲ.

ನಾನು ಹೋಗಿ ನೋಡಿದಾಗ ವಾಲ್ವ್ ಬಂದಾಗಿಯೇ ಇತ್ತು. ಸೂಪರ್‌ವೈಸರನ ಮುಖ ಮಸಿಯಾಗಿತ್ತು. "ಆಟೋಮ್ಯಾಟಿಕ್ ಅಂದಿದ್ರಲ್ರಿ ಸರ್," ಎಂದ. "ಕರೆಂಟ್ ಬಂದ್ರ ವಾಲ್ವ್ ತಾನೇ ತೆರಕೊಂತದ ಅನ್ಕೊಂಡೆ."

ಎಲ್ಲರೂ ಸುತ್ತ ನಿಂತಿದ್ದರು. ಮಾಲಕರು ನನ್ನ ಕಡೆ ತಿರುಗಿದರು. "ವಾಲ್ವ್ ತಗೀ ಅಂತ ಇಂವಗ ನೀವು ಹೇಳಿದ್ರೋ ಇಲ್ಲೋ?"

"ಹೇಳಿದ್ದೆ," ಎಂದೆ.

ಅದು ಸುಳ್ಳಲ್ಲ. ಆದರೆ ಹೇಗೆ ಹೇಳಿದೆ, ಮುಳ್ಳು ನೋಡದೆ ಏನೆಂದು ಬರೆದೆ ಅನ್ನುವುದನ್ನು ಬಾಯಿ ಬಿಡಲಿಲ್ಲ. ರಿಜಿಸ್ಟರ್ ಬೆಂಕಿಯಲ್ಲಿ ಹೋಗಿತ್ತು. ಸೂಪರ್‌ವೈಸರನನ್ನು ಅಂದೇ ಕೆಲಸದಿಂದ ತೆಗೆದರು.

ಎರಡು ತಿಂಗಳ ಮೇಲೆ ಬೇರೆ ಕೆಲಸಕ್ಕೆಂದು ಕಮಲಾಪುರಕ್ಕೆ ಹೋಗಿದ್ದೆ. ಅಂದು ಸಂತೆ. ಕೆಂಪು ಬಾಳೆಹಣ್ಣಿನ ಸಾಲಿನಲ್ಲಿ ಯಾರೋ "ತಮ್ಮಾ" ಎಂದು ಕರೆದರು. ಆಕೆಯೇ. ಮುಂದೆ ಗೋಣಿ ಹಾಸಿ ಹಣ್ಣು ಹೊಂದಿಸುತ್ತಿದ್ದಳು.

"ಬೆಂಕಿ ಬಿತ್ತಂತಲ್ಲೋ. ಮುಳ್ಳು ಎಲ್ಲಿತ್ತು?"

"ಸೊನ್ನಿಗಿ ಇತ್ತಕ್ಕಾ."

"ಎಷ್ಟ್ ದಿನದಿಂದ?"

"ಆರು ದಿನ."

ಹಣ್ಣು ಹೊಂದಿಸುತ್ತಿದ್ದ ಕೈ ನಿಂತಿತು. "ಆರು ದಿನ ಒಬ್ಬರೂ ಹಣಿಕಿ ನೋಡ್ಲಿಲ್ಲಾ?"

ನಾನು ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ನಿಮ್ಮ ಕೆಲಸ ಹೋಗಿದ್ದು ನನ್ನಿಂದನೇ ಅಕ್ಕಾ."

"ಗೊತ್ತದ. ಸಾವ್ಕಾರ್ರೇ ಹೇಳಿದ್ರು. ನಂದಿರ್ಲಿ, ಹ್ಯಾಂಗೋ ನಡದದ. ಆ ಸೂಪರ್‌ವೈಸರ್ಗೂ ತೆಗದ್ರಂತಲ್ಲ. ಖರೇ ಅಂವಂದೇ ತಪ್ಪೇನು?"

ನಾನು ಒಂದು ಹಣ್ಣು ಎತ್ತಿ ಮತ್ತೆ ಅಲ್ಲೇ ಇಟ್ಟೆ. ಆಕೆ ನನ್ನ ಮುಖ ನೋಡಿ, ಹಣ್ಣು ಕೇಳಲು ಬಂದ ಇನ್ನೊಬ್ಬರ ಕಡೆ ತಿರುಗಿದಳು.

ಮರುದಿನ ಮಿಲ್ಲಿಗೆ ಹೋಗಿ ಮಾಲಕರಿಗೆ ಎಲ್ಲವನ್ನೂ ಹೇಳಿದೆ, ಸಹಿಯ ವಿಷಯವನ್ನೂ. ಅವರು ಸಿಟ್ಟಾಗಲಿಲ್ಲ. ಗೋದಾಮಿನ ಮೇಲೆ ಹೊಸ ತಗಡು ಹೊದಿಸುವವರನ್ನು ನೋಡುತ್ತ, "ಇದು ಅವತ್ತೇ ಹೇಳ್ಬೇಕಿತ್ರಿ ನೀವು," ಎಂದರು. ಹೊಸ ಪೈಪಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಅದು ಸರಿಯೇ. ಕಮಲಾಪುರದ ಆಕೆಯನ್ನು ಮತ್ತೆ ಕೆಲಸಕ್ಕೆ ಕರೆಯಿರಿ ಎಂದ ನನ್ನ ಮಾತಿಗೆ ಒಪ್ಪಿ ಕರೆ ಕಳಿಸಿದರು. "ಕೀಲಿ ಹಾಕಿ ಹೊರಗ ಕಳಸಿದ ಮ್ಯಾಲ ಮತ್ಯಾಕ ಬರ್ಲಿ?" ಎಂದು ಕೇಳಿ ಕಳಿಸಿದಳಂತೆ.

ಸೂಪರ್‌ವೈಸರನ ನಂಬರ್ ಹುಡುಕಿ ಫೋನು ಮಾಡಿದೆ. ದೂರದ ಊರಿನ ಒಂದು ಮಿಲ್ಲಿನಲ್ಲಿ ಚೀಲ ಎಣಿಸುವ ಕೆಲಸಕ್ಕೆ ಸೇರಿದ್ದ. ಮಾಲಕರಿಗೆ ಹೇಳಿದ್ದನ್ನೆಲ್ಲ ಅವನಿಗೂ ಹೇಳಿದೆ.

"ಸರ್," ಎಂದ, "ಮಿಲ್ ಸುಟ್ಟಂವ ನಾನೇ ಅಂತ ನಮ್ಮ ಮನಿ ಮಂದಿನೂ ನಂಬ್ಯಾರ. ಆ ದಿನ ಎಲ್ಲರ ಮುಂದ ಒಂದ್ ಮಾತ್ ಅಂದಿದ್ರ ಸಾಕಿತ್ರಿ."

ಮನೆಯವರ ಹತ್ತಿರ ನಾನೇ ಬಂದು ಹೇಳುತ್ತೇನೆ ಎಂದೆ. "ಇರ್ಲಿ ಬಿಡ್ರಿ, ಲಾರಿ ಬಂದದ," ಎಂದು ಫೋನಿಟ್ಟ. ಅವನ ಮನೆ ಎಲ್ಲಿದೆ ಎಂದು ಆಮೇಲೆ ಹಮಾಲರನ್ನು ಕೇಳಿ ತಿಳಿದುಕೊಂಡೆ. ಇನ್ನೂ ಹೋಗಿಲ್ಲ.